ಯಾವುದರ ಶೇಕಡಾ ಹನ್ನೆರಡು?

ಬೋಧನಾಭ್ಯಾಸದಲ್ಲಿ ನನ್ನ ಹದಿನಾಲ್ಕನೇ ಪಾಠ ಗಣಿತದ್ದು. 8ನೇ ತರಗತಿ, ಶೇಕಡಾ ಲೆಕ್ಕದ ಘಟಕ, ನಲವತ್ತು ನಿಮಿಷದ ಅವಧಿ. ಪಾಠಯೋಜನೆಗೆ ಹಿಂದಿನ ದಿನವೇ ಸಹಿ ಆಗಿತ್ತು. ಪುಸ್ತಕದ ಲೆಕ್ಕಗಳನ್ನೇ ಮಾಡಿಸಿದರೆ ಮಕ್ಕಳಿಗೆ ಬೇಸರವಾಗುತ್ತದೆ, ನಿತ್ಯಜೀವನದ ಉದಾಹರಣೆ ಕೊಡಿ ಎಂದು ನಮ್ಮ ಉಪನ್ಯಾಸಕರು ಹೇಳುತ್ತಲೇ ಇರುತ್ತಾರೆ. ಹಾಗಾಗಿ ಪತ್ರಿಕೆಯಲ್ಲಿ ಓದಿದ ಒಂದು ಸುದ್ದಿಯಿಂದ ಲೆಕ್ಕ ಮಾಡಿಕೊಂಡು ಹೋಗಿದ್ದೆ. 2025ರ ಏಪ್ರಿಲ್ 21ರಂದು ಭಾರತ ಸರ್ಕಾರ ಕೆಲವು ಬಗೆಯ ಉಕ್ಕಿನ ಆಮದಿನ ಮೇಲೆ 200 ದಿನಗಳ ಮಟ್ಟಿಗೆ ಶೇ. 12ರಷ್ಟು ತಾತ್ಕಾಲಿಕ ಸುರಕ್ಷತಾ ಸುಂಕ ಹಾಕಿತ್ತು. ಹೊರದೇಶದಿಂದ ಅಗ್ಗದ ಉಕ್ಕಿನ ಹಾಳೆ, ಸುರುಳಿಗಳು ಬಂದು ಬೀಳುವುದನ್ನು ತಡೆಯುವುದು ಅದರ ಉದ್ದೇಶ.

ನಾನು ಹಲಗೆಯ ಮೇಲೆ ಬರೆದ ಲೆಕ್ಕ ಇದು: ‘ಒಂದು ಉಕ್ಕಿನ ಬೀರುವಿನ ಬೆಲೆ 11,000 ರೂಪಾಯಿ. ಉಕ್ಕಿನ ಮೇಲೆ ಶೇ. 12 ಸುಂಕ ಹಾಕಿದರೆ ಬೀರುವಿನ ಹೊಸ ಬೆಲೆ ಎಷ್ಟು?’ ಮಕ್ಕಳು ಚೆನ್ನಾಗಿಯೇ ಮಾಡಿದರು. 11,000ದ ಶೇ. 12 ಎಂದರೆ 1,320. ಹೊಸ ಬೆಲೆ 12,320. ಮುಂದಿನ ಲೆಕ್ಕಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

‘ಮಿಸ್, ನಮ್ಮಪ್ಪ ಬೀರು ಮಾಡ್ತಾರೆ. ಅಷ್ಟಕ್ಕೆ ಹೇಳಿದ್ರೆ ಯಾರೂ ತಗೊಳ್ಳಲ್ಲ.’

ತರಗತಿ ನಕ್ಕಿತು. ನಾನೂ ನಕ್ಕೆ. ಅವನು ಕೂರಲಿಲ್ಲ. ‘ಸುಂಕ ಶೀಟಿಗೆ ಮಾತ್ರ ತಾನೇ ಮಿಸ್? ಬಣ್ಣಕ್ಕೆ, ಬೀಗಕ್ಕೆ, ಕೂಲಿಗೆ ಇಲ್ವಲ್ಲ. ಮತ್ತೆ ನಮ್ಮ ಶೀಟು ಹೊರದೇಶದ್ದಲ್ಲ. ತೋರಣಗಲ್ಲಿನದು ಅಂತಾರೆ ಅಪ್ಪ. ಅದಕ್ಕೆ ಯಾಕೆ ಸುಂಕ?’

ಎರಡೂ ಪ್ರಶ್ನೆ ಸರಿಯಾಗಿದ್ದವು. ಎರಡನೆಯದಕ್ಕೆ ನನಗೆ ಉತ್ತರವೇ ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕ ಹಿಡಿದು ಕೂತಿದ್ದರು. ಗಡಿಯಾರದಲ್ಲಿ ಹನ್ನೊಂದು ನಿಮಿಷ ಉಳಿದಿತ್ತು. ‘ಲೆಕ್ಕದಲ್ಲಿ ಹಾಗೆ ಅಂದ್ಕೋಬೇಕು, ಕೂತ್ಕೋ’ ಎಂದುಬಿಟ್ಟೆ. ಅವನು ಕೂತ. ಆ ಅವಧಿ ಮುಗಿಯುವವರೆಗೂ ಮತ್ತೆ ಕೈ ಎತ್ತಲಿಲ್ಲ.

ಅವಲೋಕನ ಪುಸ್ತಕದಲ್ಲಿ ಕಪ್ಪುಹಲಗೆಯ ಬಳಕೆ, ಧ್ವನಿ, ಸಮಯಪಾಲನೆ ಎಲ್ಲಕ್ಕೂ ಒಳ್ಳೆಯ ಮಾತೇ ಇತ್ತು. ಕೊನೆಯಲ್ಲಿ ಒಂದು ಸಾಲು: ‘ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮುಂದಿನ ಪಾಠದಲ್ಲಿ ಅದಕ್ಕೆ ಹಿಂತಿರುಗಿ.’

ಆ ಲೆಕ್ಕವನ್ನೇ ನಾನು ಆರಿಸಿಕೊಂಡಿದ್ದಕ್ಕೆ ಒಂದು ಕಾರಣವಿದೆ. ಅದನ್ನು ಹೇಳದಿದ್ದರೆ ಈ ಬರಹ ಅರ್ಧ ಮಾತ್ರ. ನನ್ನ ಅಪ್ಪ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರರಾಗಿದ್ದರು. ನಾನು ಪಿಯುಸಿ ಓದುವಾಗ ಅವರಿಗೆ ತಿಂಗಳಿಗೆ 26 ದಿನ ಕೆಲಸ ಸಿಗುತ್ತಿತ್ತು. ಆಮೇಲೆ ಅದು 13 ದಿನಕ್ಕೆ ಇಳಿಯಿತು. ಕೊನೆಗೆ ಗೇಟಿನಿಂದಲೇ ವಾಪಸ್ ಕಳಿಸತೊಡಗಿದರು. ಈಗ ಅವರು ಒಂದು ಕಲ್ಯಾಣ ಮಂಟಪದಲ್ಲಿ ರಾತ್ರಿ ಕಾವಲುಗಾರ. ನಾನು ಮಧ್ಯೆ ಎರಡು ವರ್ಷ ಓದು ಬಿಟ್ಟು ಟ್ಯೂಷನ್ ಹೇಳಿಕೊಂಡಿದ್ದು ಅದೇ ಕಾರಣಕ್ಕೆ. ಸಹಪಾಠಿಗಳಿಗಿಂತ ನಾನು ದೊಡ್ಡವಳಾಗಿರುವುದೂ ಅದಕ್ಕೇ. ನಮ್ಮ ಮನೆಯಲ್ಲಿ ಈ ವಿಷಯ ಬಂದಾಗಲೆಲ್ಲ ಒಂದೇ ಮಾತು: ಹೊರಗಿನ ಅಗ್ಗದ ಉಕ್ಕು ಬಂದು ನಮ್ಮ ಕೆಲಸ ತಿಂತು. ಹಾಗಾಗಿ ಸುಂಕದ ಸುದ್ದಿ ಓದಿದಾಗ ನನಗೆ ಖುಷಿಯಾಗಿತ್ತು. ಆ ಖುಷಿಯಲ್ಲಿ ಮಾಡಿದ ಲೆಕ್ಕ ಅದು. ಬೀರು ಮಾಡುವ ಮನೆಯೂ ಒಂದಿರುತ್ತದೆ, ಆ ಮನೆಯ ಮಗ ನನ್ನ ಎದುರಿಗೇ ಕೂತಿರುತ್ತಾನೆ ಎಂದು ನಾನು ಯೋಚಿಸಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಆ ಹುಡುಗನನ್ನು ಕರೆದು ಕೇಳಿದೆ. ‘ಒಂದು ಬೀರುಗೆ ಏನೇನು ಖರ್ಚಾಗುತ್ತೆ, ಅಪ್ಪನ್ನ ಕೇಳಿಕೊಂಡು ಬರೆದು ತರ್ತೀಯಾ?’ ಅವನು ಸಂಜೆಯೇ ಅಪ್ಪನನ್ನು ಕೂರಿಸಿಕೊಂಡು ಬರೆಸಿದ್ದಾನೆ. ಬೆಳಿಗ್ಗೆ ತಂದ ಚೀಟಿಯಲ್ಲಿ ಹೀಗಿತ್ತು: ಶೀಟ್ 60 ಕೆ.ಜಿ., ಕೆ.ಜಿ.ಗೆ 75ರಂತೆ 4,500. ಇಬ್ಬರು ಕೆಲಸಗಾರರ ಕೂಲಿ 2,400. ಬೀಗ, ಹಿಡಿ, ಕನ್ನಡಿ 1,100. ಬಾಡಿಗೆ ಮತ್ತು ಸಾಗಣೆ 800. ಪ್ರೈಮರ್, ಬಣ್ಣ 700. ವೆಲ್ಡಿಂಗ್, ಕರೆಂಟ್ 600. ಒಟ್ಟು 10,100. ಮಾರುವುದು 11,000ಕ್ಕೆ. ಉಳಿಯುವುದು 900.

ಮುಂದಿನ ಅವಧಿಯಲ್ಲಿ ಆ ಚೀಟಿಯನ್ನೇ ಹಲಗೆಯ ಮೇಲೆ ಬರೆದೆ. ‘ನಿನ್ನೆ ನಾನು ಹೇಳಿದ ಲೆಕ್ಕ ತಪ್ಪು. ಇವತ್ತು ಸರಿಮಾಡೋಣ’ ಎಂದೆ. ಹಾಗೆ ಹೇಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಶೀಟಿನ ಬೆಲೆ ಪೂರ್ತಿ ಶೇ. 12 ಏರಿತು ಎಂದುಕೊಳ್ಳೋಣ. 4,500ರ ಶೇ. 12 ಎಂದರೆ 540 ರೂಪಾಯಿ. ನಿನ್ನೆಯ 1,320 ಎಲ್ಲಿ, ಇವತ್ತಿನ 540 ಎಲ್ಲಿ! ಈಗ ಮೂರು ಪ್ರಶ್ನೆ ಕೇಳಿದೆ. ಈ 540 ಶೀಟಿನ ಬೆಲೆಯ ಶೇಕಡಾ ಎಷ್ಟು? ಬೀರುವಿನ ಬೆಲೆಯ ಶೇಕಡಾ ಎಷ್ಟು? ಅಪ್ಪನಿಗೆ ಉಳಿಯುವ 900ರ ಶೇಕಡಾ ಎಷ್ಟು?

ಉತ್ತರಗಳು ಬಂದವು. ಶೀಟಿನ ಶೇ. 12. ಬೀರುವಿನ ಬೆಲೆಯ ಸುಮಾರು ಶೇ. 5. ಉಳಿತಾಯದ ಶೇ. 60. ಮೂರನೆಯ ಉತ್ತರ ಬಂದಾಗ ತರಗತಿಯಲ್ಲಿ ಒಂದು ಕ್ಷಣ ಸದ್ದಿರಲಿಲ್ಲ. ಅದೇ 540 ರೂಪಾಯಿ. ಸುದ್ದಿಯಲ್ಲಿ ಅದು 12, ಗಿರಾಕಿಗೆ 5, ಆ ಹುಡುಗನ ಮನೆಗೆ 60. ಶೇಕಡಾ ಎಂಬುದು ಯಾವಾಗಲೂ ‘ಯಾವುದೋ ಒಂದರ’ ಶೇಕಡಾ ಎಂದು ಕಾಲೇಜಿನಲ್ಲಿ ಹತ್ತಾರು ಸಲ ಕೇಳಿದ್ದೆ, ಪಾಠಯೋಜನೆಯಲ್ಲಿ ಬರೆದೂ ಇದ್ದೆ. ಅದು ನನಗೆ ನಿಜವಾಗಿ ಅರ್ಥವಾಗಿದ್ದು ಆ ದಿನ.

ಉಳಿದದ್ದು ಎರಡನೇ ಪ್ರಶ್ನೆ. ತೋರಣಗಲ್ಲಿನ ಶೀಟಿಗೆ ಸುಂಕ ಇಲ್ಲದಿದ್ದರೂ ಬೆಲೆ ಯಾಕೆ ಏರಬೇಕು? ಇದಕ್ಕೆ ನಾನು ಸಂತೆ ಸುಂಕದ ಉದಾಹರಣೆ ತೆಗೆದುಕೊಂಡೆ. ನಮ್ಮ ಶಾಲೆಯ ಅರ್ಧ ಮಕ್ಕಳು ಸಂತೆಯ ಮನೆಯವರು. ‘ಹೊರ ಊರಿನಿಂದ ಬರುವ ಟೊಮೆಟೊಗೆ ಮಾತ್ರ ಕೆ.ಜಿ.ಗೆ 5 ರೂಪಾಯಿ ಸುಂಕ ಹಾಕಿದರು ಅಂದ್ಕೊಳ್ಳಿ. ಅವರು 20ಕ್ಕೆ ಮಾರುತ್ತಿದ್ದದ್ದು 25 ಆಯಿತು. ನಮ್ಮೂರಿನವರು ಎಷ್ಟಕ್ಕೆ ಮಾರುತ್ತಾರೆ?’ ಒಬ್ಬ ಹುಡುಗಿ ಯೋಚಿಸಲೇ ಇಲ್ಲ. ‘ನಮ್ಮವ್ವ ಆದ್ರೆ 24 ಅಂತಾಳೆ ಮಿಸ್.’ ಸುಂಕ ಬಿದ್ದದ್ದು ಹೊರಗಿನವರ ಮೇಲೆ. ಬೆಲೆ ಏರಿಸುವ ಅವಕಾಶ ಸಿಕ್ಕಿದ್ದು ಒಳಗಿನವರಿಗೆ. ಉಕ್ಕಿನ ವಿಷಯದಲ್ಲೂ ಆಗುವುದು ಇದೇ.

ಇದು ಬರಿಯ ಊಹೆಯಲ್ಲ. 2018ರ ಆರಂಭದಲ್ಲಿ ಅಮೆರಿಕ ಆಮದು ಬಟ್ಟೆ ತೊಳೆಯುವ ಯಂತ್ರಗಳ ಮೇಲೆ ಸುಂಕ ಹಾಕಿತು. ಬಟ್ಟೆ ಒಣಗಿಸುವ ಯಂತ್ರಗಳಿಗೆ ಸುಂಕ ಇರಲಿಲ್ಲ. ಅಲ್ಲಿನ ಜನ ಸಾಮಾನ್ಯವಾಗಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಆರನ್ ಫ್ಲಾಯೆನ್, ಅಲಿ ಹೊರ್ಟಾಸು ಮತ್ತು ಫೆಲಿಕ್ಸ್ ಟಿಂಟೆಲ್ನಾಟ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಎರಡರ ಬೆಲೆಯೂ ಸುಮಾರು ಶೇ. 12ರಷ್ಟು ಏರಿತ್ತು. ಅಮೆರಿಕದ ಒಳಗೆ ತಯಾರಾದ ಯಂತ್ರಗಳೂ ಏರಿದ್ದವು. ಸುಮಾರು 1,800 ಹೊಸ ಕೆಲಸಗಳು ಹುಟ್ಟಿದವು. ಗಿರಾಕಿಗಳು ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಹೆಚ್ಚು ಕೊಟ್ಟರು. ಒಂದು ಕೆಲಸಕ್ಕೆ ಎಷ್ಟು ಬಿತ್ತು ಎಂದು ಭಾಗಿಸಲು ಹೇಳಿದೆ. ಎಂಟು ಲಕ್ಷ ಡಾಲರಿಗೂ ಹೆಚ್ಚು ಬಂತು. ‘ಅಷ್ಟು ದುಡ್ಡನ್ನ ಅವರ ಕೈಗೇ ಕೊಡಬಹುದಿತ್ತಲ್ಲ ಮಿಸ್’ ಎಂದ ಒಬ್ಬ. ಅವನಿಗೆ ಅರ್ಥಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ತಲೆಯಲ್ಲಿ ಅಪ್ಪ ಇದ್ದರು. ಬೆಲೆಯ ಲೆಕ್ಕ ಹೇಳಿ ಕೆಲಸದ ಲೆಕ್ಕ ಬಿಟ್ಟರೆ ಇನ್ನೊಂದು ಬಗೆಯ ತಪ್ಪು ಮಾಡಿದಂತೆ. ಲೋಹದ ಸುಂಕದಿಂದ ಏನಾಯಿತು ಎಂದು ಚೆನ್ನಾಗಿ ಅಳೆದು ನೋಡಿರುವುದು ಅಮೆರಿಕದಲ್ಲಿ. ಅಲ್ಲಿ 2018ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಆಮದು ಉಕ್ಕಿನ ಮೇಲೆ ಶೇ. 25, ಅಲ್ಯೂಮಿನಿಯಂ ಮೇಲೆ ಶೇ. 10 ಸುಂಕ ಹಾಕಿದರು. ಅದೇ ಕಥೆಯನ್ನು ಮೂರನೇ ಅವಧಿಗೆ ಇಟ್ಟುಕೊಂಡೆ. ಕಲಿಕೋಪಕರಣವಾಗಿ ಬೇಕರಿಯಿಂದ ರಸಗುಲ್ಲದ ಒಂದು ಖಾಲಿ ಡಬ್ಬ, ಹಾರ್ಡ್‌ವೇರ್ ಅಂಗಡಿಯಿಂದ ಒಂದು ಹಿಡಿ ಮೊಳೆ ತಂದೆ.

ಮೊದಲು ಡಬ್ಬ ಎತ್ತಿ ತೋರಿಸಿದೆ. ಸುಂಕ ಘೋಷಣೆಯಾದ ಮರುದಿನ ಅಮೆರಿಕದ ವಾಣಿಜ್ಯ ಸಚಿವ ವಿಲ್ಬರ್ ರಾಸ್ ಹೀಗೆಯೇ ಟಿ.ವಿ.ಯಲ್ಲಿ ಸೂಪಿನ ಡಬ್ಬವೊಂದನ್ನು ಎತ್ತಿ ಹಿಡಿದಿದ್ದರು. ಬೆಲೆ 1.99 ಡಾಲರ್, ಅದರಲ್ಲಿರುವ ಉಕ್ಕು 2.6 ಸೆಂಟಿನದು, ಅದಕ್ಕೆ ಶೇ. 25 ಸೇರಿದರೆ ಒಂದು ಸೆಂಟೂ ಆಗುವುದಿಲ್ಲ, ಇದಕ್ಕೆ ಯಾರು ಚಿಂತೆ ಮಾಡುತ್ತಾರೆ ಎಂಬುದು ಅವರ ವಾದ. ಮಕ್ಕಳು ಲೆಕ್ಕ ಮಾಡಿದರು. 2.6ರ ಶೇ. 25 ಎಂದರೆ 0.65 ಸೆಂಟ್. 199 ಸೆಂಟಿನಲ್ಲಿ ಅದು ಶೇ. 0.33. ಸಚಿವರ ಗಣಿತ ಸರಿಯಾಗಿಯೇ ಇತ್ತು. ಹಾಗಾದರೆ ಡಬ್ಬ ಮಾಡುವವರು ಯಾಕೆ ವಿರೋಧಿಸಿದರು? ವರ್ಷಕ್ಕೆ 10 ಕೋಟಿ ಡಬ್ಬ ಮಾಡುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ ಎಂದೆ. 0.65 ಸೆಂಟನ್ನು 10 ಕೋಟಿಯಿಂದ ಗುಣಿಸಿದರೆ 6.5 ಲಕ್ಷ ಡಾಲರ್. ಸೂಪು ಕುಡಿಯುವವರಿಗೆ ಗೊತ್ತೇ ಆಗದ ಏರಿಕೆ, ಡಬ್ಬ ಮಾಡುವವರ ಲೆಕ್ಕಪುಸ್ತಕದಲ್ಲಿ ಎದ್ದು ಕಾಣುತ್ತದೆ. ‘ನಮ್ಮಪ್ಪನ 60ರ ಹಾಗೆ’ ಎಂದ ಮೂರನೇ ಬೆಂಚಿನ ಹುಡುಗ. ಅವನು ಮತ್ತೆ ಮಾತಾಡಿದ್ದು ನನಗೆ ಸಮಾಧಾನ ತಂದಿತು.

ಆಮೇಲೆ ತರಗತಿಯನ್ನು ಎರಡು ಊರು ಮಾಡಿದೆ. ಎಡಗಡೆಯವರದು ಕುಲುಮೆಯ ಊರು, ಬಲಗಡೆಯವರದು ಮೊಳೆಯ ಊರು. ಎರಡೂ ನಿಜವಾದ ಊರುಗಳೇ.

ಕುಲುಮೆಯ ಊರು ಇಲಿನಾಯ್ ರಾಜ್ಯದ ಗ್ರಾನೈಟ್ ಸಿಟಿ, ಮಿಸಿಸಿಪ್ಪಿ ನದಿಯ ಹತ್ತಿರ ಇದೆ. ಅಲ್ಲಿನ ಯು.ಎಸ್. ಸ್ಟೀಲ್ ಕಾರ್ಖಾನೆಯ ಊದುಕುಲುಮೆಗಳು 2015ರ ಕೊನೆಯಲ್ಲಿ ನಿಂತಿದ್ದವು. 2018ರ ಮಾರ್ಚ್‌ನಲ್ಲಿ ಸುಂಕ ಬಂದ ಕೂಡಲೇ ಕಂಪನಿ ಒಂದು ಕುಲುಮೆಯನ್ನು ಮತ್ತೆ ಹಚ್ಚುವುದಾಗಿ, ಸುಮಾರು 500 ಜನರಿಗೆ ಕೆಲಸ ಕೊಡುವುದಾಗಿ ಹೇಳಿತು. ಜೂನ್‌ನಲ್ಲಿ ಎರಡನೇ ಕುಲುಮೆ, ಇನ್ನೂ ಸುಮಾರು 300 ಜನ. ಮನೆಯಲ್ಲಿ ಕೂತಿದ್ದವರು ಮತ್ತೆ ಗೇಟಿನ ಒಳಗೆ ಹೋದರು. ಇದನ್ನು ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು. ಗೇಟಿನಿಂದ ವಾಪಸ್ ಬರುವುದು ಏನು ಎಂದು ನಮ್ಮ ಮನೆಯಲ್ಲಿ ನೋಡಿದ್ದೇನೆ.

ಮೊಳೆಯ ಊರು ಪಕ್ಕದ ಮಿಸೌರಿ ರಾಜ್ಯದ ಪೋಪ್ಲರ್ ಬ್ಲಫ್. ಅಲ್ಲಿ ಮಿಡ್ ಕಾಂಟಿನೆಂಟ್ ನೇಲ್ ಎಂಬ ಮೊಳೆ ಕಾರ್ಖಾನೆ, ಸುಮಾರು 500 ಕೆಲಸಗಾರರು. ಮೊಳೆಗೆ ಬೇಕಾದ ಉಕ್ಕಿನ ತಂತಿ ಮೆಕ್ಸಿಕೋದಿಂದ ಬರುತ್ತಿತ್ತು. 2018ರ ಜೂನ್ 1ರಿಂದ ಮೆಕ್ಸಿಕೋದ ಉಕ್ಕಿಗೂ ಶೇ. 25 ಬಿತ್ತು. ಇಲ್ಲಿ ಕೈಯಲ್ಲಿದ್ದ ಮೊಳೆಗಳನ್ನು ಮಕ್ಕಳಿಗೆ ಹಂಚಿದೆ. ‘ಇದರಲ್ಲಿ ಉಕ್ಕು ಬಿಟ್ಟು ಏನಿದೆ?’ ಏನೂ ಇಲ್ಲ. ಸೂಪಿನ ಡಬ್ಬದಲ್ಲಿ ಉಕ್ಕು ಬೆಲೆಯ ಶೇ. 1.3 ಮಾತ್ರ. ಮೊಳೆಯಲ್ಲಿ ಹಾಗಲ್ಲ. 100 ರೂಪಾಯಿಯ ಮೊಳೆಯಲ್ಲಿ 70 ರೂಪಾಯಿ ತಂತಿಯದೇ ಎಂದುಕೊಂಡರೆ ಏರಿಕೆ 17 ರೂಪಾಯಿ 50 ಪೈಸೆ. ಕಾರ್ಖಾನೆ ಬೆಲೆ ಏರಿಸಿತು. ಹೊರದೇಶದಲ್ಲಿ ತಯಾರಾಗಿ ಬರುವ ಮೊಳೆಗೆ ಆಗ ಈ ಸುಂಕ ಇರಲಿಲ್ಲ. ತಂತಿಗೆ ಸುಂಕ, ತಂತಿಯಿಂದ ಮಾಡಿದ ಮೊಳೆಗೆ ಇಲ್ಲ. ಗಿರಾಕಿಗಳು ಆ ಕಡೆ ತಿರುಗಿದರು. ಮಾರಾಟ ಸುಮಾರು ಅರ್ಧಕ್ಕೆ ಇಳಿಯಿತು. ಜೂನ್ ತಿಂಗಳಲ್ಲೇ 60 ಜನರನ್ನು ಕೆಲಸದಿಂದ ತೆಗೆದರು. ಇನ್ನೂ ಅನೇಕರು ಕಾರ್ಖಾನೆ ಮುಚ್ಚುತ್ತದೆ ಎಂಬ ಭಯದಿಂದ ತಾವೇ ಬಿಟ್ಟು ಹೋದರು. ಸುಂಕದಿಂದ ವಿನಾಯಿತಿ ಸಿಕ್ಕಿದ್ದು 2019ರ ಏಪ್ರಿಲ್‌ನಲ್ಲಿ. ಆಮದು ಮೊಳೆಗೂ ಸುಂಕ ಹಾಕಿದ್ದು 2020ರಲ್ಲಿ.

ಎರಡು ಊರಿನವರೂ ತಮ್ಮ ತಮ್ಮ ಮಾತು ಹೇಳಲಿ ಎಂದೆ. ಕುಲುಮೆಯ ಊರಿನವರು, ‘ನಾವು ಎರಡು ವರ್ಷ ಸುಮ್ಮನೆ ಕೂತಿದ್ದೆವು, ಈಗಷ್ಟೇ ಕೆಲಸ ಬಂದಿದೆ’ ಎಂದರು. ಮೊಳೆಯ ಊರಿನವರು, ‘ನಿಮ್ಮ ಕೆಲಸಕ್ಕೆ ನಾವು ಯಾಕೆ ದುಡ್ಡು ಕೊಡಬೇಕು?’ ಎಂದರು. ಒಬ್ಬ ಹುಡುಗಿ ರಾಜಿ ಮಾಡಿಸಲು ನೋಡಿದಳು. ‘ಮೊಳೆಯ ಊರಿನವರು ಕುಲುಮೆಯ ಊರಿಗೆ ಹೋಗಿ ಕೆಲಸ ಮಾಡ್ಲಿ ಮಿಸ್.’ ಎರಡು ಊರಿನ ನಡುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಎಂದೆ. ‘ಮನೆ, ಸ್ಕೂಲು, ಅಜ್ಜಿ ಎಲ್ಲ ಬಿಟ್ಟಾ?’ ಎಂದು ಹಿಂದಿನಿಂದ ಯಾರೋ ಕೇಳಿದರು. ದೇಶದ ಲೆಕ್ಕದಲ್ಲಿ ಒಂದು ಕೆಲಸ ಕೂಡಿ ಒಂದು ಕೆಲಸ ಕಳೆದರೆ ಸೊನ್ನೆ. ಆ ಎರಡು ಮನೆಗಳಲ್ಲಿ ಅದು ಸೊನ್ನೆಯಲ್ಲ.

ಒಟ್ಟು ಲೆಕ್ಕವೂ ಸೊನ್ನೆ ಆಗಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಅರ್ಥಶಾಸ್ತ್ರಜ್ಞರಾದ ಆರನ್ ಫ್ಲಾಯೆನ್ ಮತ್ತು ಜಸ್ಟಿನ್ ಪಿಯರ್ಸ್ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2018ರ ಸುಂಕಗಳನ್ನೆಲ್ಲ ಒಟ್ಟಿಗೆ ನೋಡಿದಾಗ ರಕ್ಷಣೆ ಪಡೆದ ಉದ್ಯಮಗಳಲ್ಲಿ ಕೆಲಸ ಸ್ವಲ್ಪ ಹೆಚ್ಚಿದ್ದು ಕಂಡಿತು. ಆದರೆ ಕಚ್ಚಾ ಸಾಮಗ್ರಿ ತುಟ್ಟಿಯಾದದ್ದರಿಂದ ಮತ್ತು ಬೇರೆ ದೇಶಗಳು ಸೇಡಿಗೆ ಹಾಕಿದ ಸುಂಕದಿಂದ ಹೋದ ಕೆಲಸಗಳು ಅದಕ್ಕಿಂತ ಹೆಚ್ಚು. ಕಾರಣ ಹುಡುಕುವುದು ಕಷ್ಟವಲ್ಲ. ಉಕ್ಕು ಮಾಡುವವರು ಕಡಿಮೆ, ಉಕ್ಕು ಬಳಸುವವರು ಹೆಚ್ಚು. ನಮ್ಮ ಊರನ್ನೇ ತೆಗೆದುಕೊಂಡರೂ ಹಾಗೇ. ಕುಲುಮೆ ಒಂದೂ ಇಲ್ಲ. ಬೀರು ಮಾಡುವವರು, ಟ್ರಂಕು ಮಾಡುವವರು, ರೋಲಿಂಗ್ ಶಟರ್ ಹಾಕುವವರು, ಟ್ರಾಲಿ ಬೆಸೆಯುವವರು ಎಷ್ಟು ಜನ ಎಂದು ಮಕ್ಕಳು ಬೆರಳು ಮಡಚಿದರು. ಎರಡು ಕೈ ಸಾಲಲಿಲ್ಲ.

ಸೇಡಿನ ಸುಂಕ ಎಂದಾಗ ಮಕ್ಕಳ ಕಿವಿ ನೆಟ್ಟಗಾಯಿತು. ಇದರಲ್ಲಿ ನಮ್ಮ ದೇಶವೂ ಇತ್ತು. 2019ರ ಜೂನ್‌ನಲ್ಲಿ ಭಾರತ ಅಮೆರಿಕದ 28 ಸರಕುಗಳ ಮೇಲೆ ಹೆಚ್ಚುವರಿ ಸುಂಕ ಹಾಕಿತು. ಬಾದಾಮಿ, ಅಕ್ರೋಟು, ಸೇಬು ಆ ಪಟ್ಟಿಯಲ್ಲಿದ್ದವು. ತಳ್ಳುಗಾಡಿಯಲ್ಲಿ ಸ್ಟಿಕರ್ ಅಂಟಿಸಿದ ವಾಷಿಂಗ್ಟನ್ ಸೇಬು ಎಲ್ಲರಿಗೂ ಗೊತ್ತು. ಅದರ ಮೇಲೆ ಮೊದಲೇ ಶೇ. 50 ಸುಂಕ ಇತ್ತು, ಅದು ಶೇ. 70 ಆಯಿತು. 50ರಿಂದ 70ಕ್ಕೆ ಏರಿದರೆ ಏರಿಕೆ ಶೇಕಡಾ 20ಓ 40ಓ ಎಂದು ಕೇಳಿದೆ. ತರಗತಿ ಎರಡು ಪಾಲಾಯಿತು. ಎರಡೂ ಸರಿ. ಸೇಬಿನ ಬೆಲೆಯ ಮೇಲೆ ನೋಡಿದರೆ 20, ಹಳೆಯ ಸುಂಕದ ಮೇಲೆ ನೋಡಿದರೆ 40. ಮತ್ತೆ ಅದೇ ಪ್ರಶ್ನೆ, ಯಾವುದರ? ಅಮೆರಿಕದ ಕುಲುಮೆಗೆ ಕೊಟ್ಟ ರಕ್ಷಣೆಗೆ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟದವರೂ ಬೆಲೆ ತೆತ್ತರು. ಅವರ ಸೇಬಿನ ಮಾರಾಟ ಭಾರತದಲ್ಲಿ ಕುಸಿಯಿತು. 2023ರಲ್ಲಿ ಎರಡು ದೇಶಗಳು ಮಾತಾಡಿಕೊಂಡ ಮೇಲೆ ಆ ಹೆಚ್ಚುವರಿ ಸುಂಕ ಹೋಯಿತು. 2025ರಲ್ಲಿ ಅಮೆರಿಕ ಉಕ್ಕು ಮತ್ತು ಅಲ್ಯೂಮಿನಿಯಂ ಸುಂಕವನ್ನು ಮಾರ್ಚ್‌ನಲ್ಲಿ ಶೇ. 25 ಮಾಡಿ, ಜೂನ್ 4ರಿಂದ ಶೇ. 50ಕ್ಕೆ ಏರಿಸಿತು. ನಾನು ಪಾಠ ಮಾಡುತ್ತಿದ್ದಾಗ ಅದು ಹೊಸ ಸುದ್ದಿ.

ಆ ವಾರದ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ಬೀರುವಿನ ಲೆಕ್ಕ, ಎರಡು ಊರಿನ ಕಥೆ ಎಲ್ಲ ಹೇಳಿದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅವರದ್ದೂ ಹೊಟ್ಟೆಪಾಡೇ ಅಲ್ವೇನಮ್ಮಾ’ ಎಂದರು. ಆಮೇಲೆ, ‘ಆದ್ರೆ ಒಂದು ಹೇಳ್ತೀನಿ, ಬರ್ಕೋ. ಬೀರು ಅಂಗಡಿ ಇವತ್ತು ಬಾಗಿಲು ಹಾಕಿದ್ರೆ ಆರು ತಿಂಗಳು ಬಿಟ್ಟು ತೆಗೀಬಹುದು. ಕುಲುಮೆ ಹಾಗಲ್ಲ. ಒಂದ್ಸಲ ತಣ್ಣಗಾದ್ರೆ ಹಚ್ಚೋದು ಸುಲಭ ಇಲ್ಲ. ಕೆಲಸ ಗೊತ್ತಿದ್ದೋರು ಅಷ್ಟೊತ್ತಿಗೆ ಎಲ್ಲೆಲ್ಲೋ ಹೋಗಿರ್ತಾರೆ.’

ಅಪ್ಪನ ಮಾತಿನಲ್ಲಿ ಹುರುಳಿದೆ. ಸುಂಕದ ಪರವಾಗಿ ಹೇಳುವ ವಾದಗಳಲ್ಲಿ ಅದು ಬಲವಾದದ್ದು. ಗಿರಾಕಿ ಇವತ್ತು ಕೊಡುವ 5 ಪರ್ಸೆಂಟನ್ನು ಮಾತ್ರ ನೋಡಿದರೆ, ನಾಳೆ ದೇಶದೊಳಗೆ ಉಕ್ಕು ಮಾಡುವವರೇ ಇಲ್ಲದಿದ್ದರೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಆದರೆ ಸುಂಕ ಹಾಕಿದ ಮಾತ್ರಕ್ಕೆ ಕುಲುಮೆ ಉಳಿಯುತ್ತದೆ ಎಂದೂ ಹೇಳಲಾಗದು. ಗ್ರಾನೈಟ್ ಸಿಟಿಯಲ್ಲಿ 2020ರಲ್ಲಿ ಒಂದು ಕುಲುಮೆ ನಿಂತಿತು, 2023ರಲ್ಲಿ ಇನ್ನೊಂದೂ ನಿಂತಿತು. ಅಮೆರಿಕದ ಉಕ್ಕಿನ ಸುಂಕ ಅಷ್ಟರಲ್ಲಿ ರದ್ದಾಗಿರಲಿಲ್ಲ. ನಮ್ಮ ಮನೆಯ ‘ಹೊರಗಿನ ಉಕ್ಕು ಬಂದು ಕೆಲಸ ತಿಂತು’ ಎಂಬ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಹಳೆಯ ಯಂತ್ರ, ಅದಿರಿನ ಕೊರತೆ, ಬಂಡವಾಳ ಹಾಕದೆ ಹೋದದ್ದು, ಇವೆಲ್ಲವನ್ನೂ ಅಪ್ಪನೇ ಎಷ್ಟೋ ಸಲ ಹೇಳಿದ್ದಾರೆ. ನಾನು ಒಂದನ್ನೇ ಹಿಡಿದುಕೊಂಡಿದ್ದೆ.

ಘಟಕದ ಕೊನೆಯಲ್ಲಿ ಮೌಲ್ಯಮಾಪನಕ್ಕೆ ನಾನು ಪ್ರಶ್ನೆಪತ್ರಿಕೆ ಮಾಡಲಿಲ್ಲ. ಪ್ರತಿಯೊಬ್ಬರೂ ಮನೆಯ ದುಡಿಮೆಯಿಂದ ಒಂದು ಶೇಕಡಾ ಲೆಕ್ಕ ಬರೆದು ತರಬೇಕು ಎಂದೆ. ‘ಯಾವುದರ ಶೇಕಡಾ?’ ಎಂದು ಅದರಲ್ಲಿ ಒಂದು ಉಪಪ್ರಶ್ನೆ ಇರಲೇಬೇಕು. ನಲವತ್ತೊಂದು ಮಕ್ಕಳಲ್ಲಿ ಮೂವತ್ತಾರು ಮಂದಿ ತಂದರು. ಹಾಲಿನ ಡೇರಿಯ ಫ್ಯಾಟಿನ ಲೆಕ್ಕ, ಅಡಿಕೆ ಮಂಡಿಯ ಕಮಿಷನ್ನಿನ ಲೆಕ್ಕ, ಸ್ವಸಹಾಯ ಸಂಘದ ಬಡ್ಡಿಯ ಲೆಕ್ಕ ಎಲ್ಲ ಇದ್ದವು. ಕೆಲವು ಲೆಕ್ಕಗಳನ್ನು ಬಿಡಿಸಲು ನನಗೇ ಹೊತ್ತು ಹಿಡಿಯಿತು.

ಮೂರನೇ ಬೆಂಚಿನ ಹುಡುಗನ ಲೆಕ್ಕ ಇದು: ‘ಒಂದು ಬೀರುವಿನಲ್ಲಿ 900 ರೂಪಾಯಿ ಉಳಿಯುತ್ತಿತ್ತು. ಶೀಟಿನ ಖರ್ಚು 540 ಹೆಚ್ಚಾಯಿತು. ಅಪ್ಪ ಗಿರಾಕಿಯ ಹತ್ತಿರ 300 ಹೆಚ್ಚಿಗೆ ಕೇಳಿದರು. ಗಿರಾಕಿ ಚೌಕಾಸಿ ಮಾಡಿ 200 ಕೊಟ್ಟರು. ಈಗ ಉಳಿಯುವುದು ಎಷ್ಟು? ಮೊದಲಿಗಿಂತ ಶೇಕಡಾ ಎಷ್ಟು ಕಡಿಮೆ? ಯಾವುದರ ಶೇಕಡಾ?’ ಕೆಳಗೆ ಉತ್ತರವನ್ನೂ ಬರೆದಿದ್ದ. ಉಳಿಯುವುದು 560. ಕಡಿಮೆಯಾದದ್ದು 340. ಅದು 900ರ ಸುಮಾರು ಶೇ. 38.

ನಾನು ಅವನನ್ನು ಕೇಳಿದೆ, ‘ನಿಜವಾಗಿಯೂ ಶೀಟು ಅಷ್ಟು ಏರಿತಾ?’ ‘ಇಲ್ಲ ಮಿಸ್. ಬೇಸಿಗೇಲಿ ಸ್ವಲ್ಪ ಏರಿತ್ತಂತೆ. ಮಳೆ ಶುರುವಾದ ಮೇಲೆ ಇಳೀತಂತೆ. ಮಳೆಗಾಲದಲ್ಲಿ ಮನೆ ಕಟ್ಟೋರು ಕಡಿಮೆ, ಅದಕ್ಕೆ ಅಂತಾರೆ ಅಪ್ಪ. ಆದ್ರೂ ಮೊದಲಿನ ಹಾಗೆ ಗಿರಾಕಿ ಇಲ್ಲ. ಇಬ್ಬರು ಕೆಲಸದೋರಲ್ಲಿ ಒಬ್ಬರು ಈಗ ವಾರಕ್ಕೆ ಮೂರು ದಿನ ಮಾತ್ರ ಬರ್ತಾರೆ.’ ಆ ಮೂರು ದಿನಕ್ಕೆ ಕಾರಣ ಸುಂಕವೇ ಎಂದು ನಾನು ಹೇಳಲಾರೆ. ಮಳೆಗಾಲ ಇರಬಹುದು, ಪ್ಲೈವುಡ್ ವಾರ್ಡ್‌ರೋಬ್ ಇರಬಹುದು. ಬೆಲೆಗೆ ಒಂದೇ ಕಾರಣ ಇರುವುದಿಲ್ಲ, ಕೆಲಸ ಹೋಗುವುದಕ್ಕೂ ಹಾಗೆಯೇ. ಆದರೆ 26 ದಿನ 13 ಆದದ್ದು ನೆನಪಾಯಿತು. ಅವರು ಯಾರೋ, ಅವರ ಮಗಳು ಯಾವ ತರಗತಿಯಲ್ಲಿದ್ದಾಳೋ.

ಮುಂದಿನ ವರ್ಷ ಇದೇ ಘಟಕ ಮಾಡುವ ಕಿರಿಯ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು ಹೇಳಬೇಕು ಅನ್ನಿಸುತ್ತದೆ. ಸುದ್ದಿಯಿಂದ ಲೆಕ್ಕ ಮಾಡುವಾಗ ಸುದ್ದಿಯಲ್ಲಿರುವ ಶೇಕಡಾವನ್ನು ನೇರವಾಗಿ ವಸ್ತುವಿನ ಬೆಲೆಗೆ ಹಚ್ಚಬೇಡಿ. ಆ ವಸ್ತುವಿನೊಳಗೆ ಏನೇನಿದೆ ಎಂದು ಅದನ್ನು ಮಾಡುವವರ ಮನೆಯಿಂದಲೇ ಪಟ್ಟಿ ತರಿಸಿ. ತರಗತಿಯಲ್ಲಿ ಅಂಥವರ ಮಕ್ಕಳು ಇದ್ದೇ ಇರುತ್ತಾರೆ. ಇನ್ನೊಂದು, ಸುಂಕ ಒಳ್ಳೆಯದೋ ಕೆಟ್ಟದ್ದೋ ಎಂದು ಹಲಗೆಯ ಮೇಲೆ ತೀರ್ಪು ಬರೆಯುವ ಅವಸರ ಬೇಡ. ನನ್ನ ಮನೆಯ ನೋವನ್ನು ನಾನು ಮೊದಲ ದಿನ ತೀರ್ಪಿನ ಹಾಗೆ ತರಗತಿಗೆ ತಂದಿದ್ದೆ. ಮೂರನೇ ದಿನ ಅದು ಎರಡು ಊರುಗಳಲ್ಲಿ ಒಂದು ಊರಾಗಿ ತರಗತಿಯೊಳಗೆ ಕೂತಿತು. ಅದರ ಜಾಗ ಅದೇ ಎಂದು ಈಗ ನನಗೆ ತೋರುತ್ತದೆ.

ಹದಿನೇಳನೇ ಪಾಠದ ಅವಲೋಕನದಲ್ಲಿ ಮಾರ್ಗದರ್ಶಕ ಶಿಕ್ಷಕರು ಸಮಯಪಾಲನೆಗೆ ಅಂಕ ಕಡಿಮೆ ಕೊಟ್ಟಿದ್ದಾರೆ. ಗಂಟೆ ಹೊಡೆದ ಮೇಲೂ ಎರಡೂ ಊರಿನವರು ಜಗಳ ನಿಲ್ಲಿಸಿರಲಿಲ್ಲ. ಮೊಳೆಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಲು ಇನ್ನೂ ಐದು ನಿಮಿಷ ಹಿಡಿಯಿತು. ಎರಡು ಕಡಿಮೆ ಇದ್ದವು.